ನಿಮಗಿದು ಗೊತ್ತೆ? ಉತಾರದೊಳಗಿದೆ ವಂಶಾವಳಿ

ಸ್ಕಾಟ್ಲೆಂಡಿನಲ್ಲಿ ಮನೆತನದ ಮೂಲ ಹುಡುಕುವವರಿಗೆ 1513ರಿಂದೀಚಿನ ಮೃತ್ಯುಪತ್ರಗಳು ಸಿಗುತ್ತವೆ. ಆದರೆ 1868ರವರೆಗೆ ಅಲ್ಲಿ ಜಮೀನನ್ನು ಉಯಿಲಿನಲ್ಲಿ ಬರೆದುಕೊಡುವಂತಿರಲಿಲ್ಲ. ಹಾಗಾಗಿ ಅವುಗಳಲ್ಲಿ ಪಾತ್ರೆಪಗಡ, ದನಕರು, ಸಾಲಸೋಲದ ಲೆಕ್ಕವೇ ಹೆಚ್ಚು.

ಹಾವೇರಿ ಸೀಮೆಯ ಹೊಸರಿತ್ತಿಯ ಕಡೆ ಇದು ತಿರುವುಮುರುವು. ನಮ್ಮ ಮುತ್ತಜ್ಜಂದಿರು ಸಿಗುವುದೇ ಹೊಲದ ಕಾಗದದಲ್ಲಿ. ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ, 1903ರ ಕಾಯ್ದೆಯಿಂದ ಹಕ್ಕುದಾಖಲೆ ಶುರುವಾಯಿತು. ಹೊಲದೊಡೆಯ ತೀರಿಕೊಂಡರೆ ವಾರಸುದಾರರ ಹೆಸರು ದಾಖಲಾಗುತ್ತಿತ್ತು. ಇಂದಿನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವ ಹಕ್ಕು ಬದಲಾವಣೆ ನಂಬರ್ ಹಿಡಿದು ತಹಶೀಲ್ದಾರ್ ಕಚೇರಿಯಲ್ಲಿ ಹಳೆಯ ನಕಲು ಕೇಳಿ. ಒಂದೊಂದು ನಂಬರೂ ಒಂದೊಂದು ತಲೆಮಾರು ಹಿಂದಕ್ಕೆ ಒಯ್ಯಬಹುದು. ಮನಸ್ಸು ಚುಚ್ಚುವುದೊಂದೇ: 1956ರ ಉತ್ತರಾಧಿಕಾರ ಕಾಯ್ದೆಗೆ ಮುಂಚಿನ ನಮೂದುಗಳಲ್ಲಿ ಹೆಣ್ಣುಮಕ್ಕಳ ಹೆಸರು ಅಪರೂಪ. ಕಾಗದ ಮುಗಿದಲ್ಲಿ ಹೆಳವರನ್ನು ಕೇಳಬೇಕು. ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು ಅವರು.