ಗ್ವಾಡಿಗೆ ಥಂಡಿ ಹತ್ತೇತೇನು?

ಬೆಂಗಳೂರಿನ ಬಾಡಿಗೆ ಮನೆಯ ಹಜಾರದಲ್ಲಿ ಒಂದು ಗೋಡೆ ಬಹಳ ದಿನ ಬೋಳಾಗಿಯೇ ಇತ್ತು. ಚಿತ್ರ ಹಾಕೋಣವೆಂದರೆ ಚಿತ್ರಕ್ಕಿಂತ ಅದರ ಕಟ್ಟೇ ತುಟ್ಟಿ. ಬಣ್ಣ ಬಳಿಸೋಣವೆಂದರೆ ಮನೆ ಮಾಲೀಕರು ಒಪ್ಪುವುದಿಲ್ಲ. ಕೊನೆಗೊಂದು ದಿನ ಮುಂಡಗೋಡ ಕಡೆಯಿಂದ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದ ಸಿದ್ದಿ ಕೌದಿಯನ್ನು ನಾಲ್ಕು ಮೊಳೆಗೆ ಸಿಕ್ಕಿಸಿಬಿಟ್ಟೆ. ಹಜಾರದ ಮುಖವೇ ಬದಲಾಯಿತು. ಬಂದವರೆಲ್ಲ ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ ಎಂದು ಕೇಳತೊಡಗಿದರು. ಆ ಗರ್ವ ಹಳಿಯಾಳದಿಂದ ಅವ್ವ ಬರುವ ತನಕ ಉಳಿಯಿತು. ಚೀಲ ಇಳಿಸುವ ಮೊದಲೇ ಅವಳು ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಯಾಕ, ಗ್ವಾಡಿಗೆ ಥಂಡಿ ಹತ್ತೇತೇನು?”

ಆಮೇಲೆ ಹತ್ತಿರ ಹೋಗಿ ಕೌದಿಯ ಒಂದು ತುದಿ ಎತ್ತಿ ಅದರ ಬೆನ್ನು ನೋಡಿದಳು. ಹೊಲಿಗೆ ಬಲ್ಲವರು ಬಟ್ಟೆಯನ್ನು ನೋಡುವುದೇ ಹಾಗೆ, ಹಿಂದಿನಿಂದ. ಎಳೆಗಳ ಸಾಲಿನ ಮೇಲೆ ಹೆಬ್ಬೆರಳು ಆಡಿಸಿ, “ಕೈ ಚೊಲೊ ಐತಿ” ಎಂದು ಒಪ್ಪಿಗೆ ಕೊಟ್ಟಳು. ಗೋಡೆಗೆ ಹಾಕಿದ್ದನ್ನು ಮಾತ್ರ ಒಪ್ಪಲಿಲ್ಲ.

ಮನೆ ಅಲಂಕಾರ ಎಂದ ಕೂಡಲೇ ನಮಗೆ ಅಂಗಡಿ ನೆನಪಾಗುತ್ತದೆ. ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿಯ ಕಾಡಂಚಿನ ಮನೆಗಳಲ್ಲಿ ಅದು ಹುಟ್ಟುವುದು ಹರಿದ ಬಟ್ಟೆಯ ಗಂಟಿನಲ್ಲಿ. ಉಟ್ಟು ಸವೆದ ಸೀರೆ, ಮೊಣಕೈ ಕಿತ್ತ ಅಂಗಿ, ಮಕ್ಕಳಿಗೆ ಗಿಡ್ಡವಾದ ಪರಕರ, ಅಂಚು ಮಾತ್ರ ಗಟ್ಟಿ ಉಳಿದ ಲುಂಗಿ, ದರ್ಜಿಯ ಕತ್ತರಿಯಿಂದ ಬಿದ್ದ ಚೂರು, ಎಲ್ಲ ಆ ಗಂಟು ಸೇರುತ್ತವೆ. ಗಂಟು ದಪ್ಪವಾದ ಮೇಲೆ, ಹೊಲದ ಕೆಲಸ ಸಡಿಲಾದ ಮಧ್ಯಾಹ್ನಗಳಲ್ಲಿ ಸೂಜಿ ಹೊರಬರುತ್ತದೆ. ಬಯಲುಸೀಮೆಯವರು ಕೌದಿ ಎನ್ನುವುದನ್ನು ಇಲ್ಲಿನ ಸಿದ್ದಿ ಸಮುದಾಯದ ಹೆಂಗಸರು ಕವಂದಿ ಎನ್ನುತ್ತಾರೆ. ಗಡಿಯಾಚೆ ಮರಾಠಿಯಲ್ಲಿ ಅದು ಗೋಧಡಿ. ಹೊದ್ದುಕೊಳ್ಳುವುದಕ್ಕೂ ಹಾಸಿಕೊಳ್ಳುವುದಕ್ಕೂ ಕೂಸು ಮಲಗಿಸುವುದಕ್ಕೂ ಆಗುವ ವಸ್ತು. ನೋಡುವುದಕ್ಕೂ ಆಗುತ್ತದೆ ಎಂಬುದನ್ನು ಯಾರೂ ಬೇರೆಯಾಗಿ ಹೇಳಿಕೊಳ್ಳುವುದಿಲ್ಲ.

ಸಿದ್ದಿ ಕೌದಿ ಹೊಲಿಯುವ ಬಗೆಯೇ ಒಂದು ಸೊಗಸು. ಚೌಕಟ್ಟಿಲ್ಲ, ಯಂತ್ರವಿಲ್ಲ, ಅಳತೆಪಟ್ಟಿ ಇಲ್ಲ, ಕಾಗದದ ಮೇಲೆ ಬರೆದ ನಕ್ಷೆಯೂ ಇಲ್ಲ. ನೆಲದ ಮೇಲೆ ಒಂದು ಹಳೇ ಹತ್ತಿ ಸೀರೆ ಹರಡುತ್ತಾರೆ. ಅದೇ ತಳ. ಮೂಲೆಯೊಂದರಲ್ಲಿ ಮೊದಲ ಚೂರು ಇಟ್ಟು, ಅದರ ಅಂಚನ್ನೂ ತಳದ ಸೀರೆಯ ಅಂಚನ್ನೂ ಒಳಕ್ಕೆ ಮಡಚಿ, ದಪ್ಪ ದಾರದಲ್ಲಿ ಸಾದಾ ನೇರ ಹೊಲಿಗೆ ಶುರುಮಾಡುತ್ತಾರೆ. ಮುಂದಿನ ಚೂರು ಹಿಂದಿನದರ ಮೇಲೆ ತುಸು ಹತ್ತಿ ಕೂರುತ್ತದೆ. ಹಾಗೆ ನಾಲ್ಕೂ ಬದಿ ಸುತ್ತಿ ಬಂದರೆ ಒಂದು ಪ್ರದಕ್ಷಿಣೆ. ಎರಡನೆಯ ಸಾಲು ಅದರ ಒಳಗೆ, ಮೂರನೆಯದು ಅದಕ್ಕೂ ಒಳಗೆ. ಹೀಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತಾರೆ.

ಇದರ ಜಾಣತನ ತಿಳಿಯಬೇಕಾದರೆ ಅಮೆರಿಕದ ಕ್ವಿಲ್ಟ್ ಮಾಡುವ ಕ್ರಮದ ಪಕ್ಕ ಇಟ್ಟು ನೋಡಬೇಕು. ಅಲ್ಲಿ ಮೊದಲು ತುಂಡುಗಳನ್ನು ಕೂಡಿಸಿ ಮೇಲ್ಪದರ ತಯಾರಿಸುತ್ತಾರೆ. ಆಮೇಲೆ ನಡುವೆ ಹತ್ತಿಯ ಪದರ ಇಟ್ಟು, ಬಹುಮಟ್ಟಿಗೆ ಮಧ್ಯದಿಂದ ಹೊರಕ್ಕೆ ಹೊಲಿದು, ಕಡೆಗೆ ಅಂಚಿಗೆ ಪಟ್ಟಿ ಕಟ್ಟುತ್ತಾರೆ. ಮೂರು ನಾಲ್ಕು ಹಂತದ ಕೆಲಸ. ಕವಂದಿಯಲ್ಲಿ ಎಲ್ಲವೂ ಒಂದೇ ಸೂಜಿಯ ಓಟದಲ್ಲಿ ಮುಗಿಯುತ್ತದೆ. ಅಂಚು ಮೊದಲ ದಿನವೇ ಭದ್ರವಾಗಿರುತ್ತದೆ. ಪ್ರತಿ ಹೊಲಿಗೆಯೂ ಎಲ್ಲ ಪದರ ದಾಟಿ ಹೋಗುವುದರಿಂದ ಚೂರು ಕೂಡಿಸುವುದು, ಪದರ ಹಿಡಿಸುವುದು ಎರಡೂ ಒಟ್ಟಿಗೆ ಆಗುತ್ತವೆ. ಎಷ್ಟು ಚೂರು ಬೇಕೆಂದು ಮೊದಲೇ ಎಣಿಸಿ ಕತ್ತರಿಸುವ ಗೋಜೂ ಇಲ್ಲ. ಗಂಟಿನಿಂದ ಕೈಗೆ ಬಂದ ತುಂಡಿಗೆ ಜಾಗ ಹುಡುಕಿದರಾಯಿತು.

ಹಾಗಂತ ಬಣ್ಣಗಳು ಕುರುಡಾಗಿ ಬೀಳುವುದಿಲ್ಲ. ಕಡುನೀಲಿಯ ಪಕ್ಕ ಅರಿಸಿನ, ಅದರ ಪಕ್ಕ ಒಂದು ಹಳೇ ಗೆರೆ ಅಂಗಿ. ಎಡ ಬದಿಗೆ ಬಂದ ಕೆಂಪಿಗೆ ಬಲ ಬದಿಯಲ್ಲಿ ಎಲ್ಲೋ ಒಂದು ಜೋಡಿ. ಅಳತೆಯಲ್ಲಿ ಸರಿಹೊಂದದೆಯೂ ಕಣ್ಣಿಗೆ ಸರಿಹೋಗುವ ಲೆಕ್ಕ ಅದು. ದೊಡ್ಡ ತುಂಡುಗಳ ಮೇಲೆ ಅಲ್ಲಲ್ಲಿ ಪುಟ್ಟ ಪುಟ್ಟ ಬಣ್ಣದ ಚೂರು ಕೂರಿಸುತ್ತಾರೆ. ಅವಕ್ಕೆ ಟಿಕಲಿ ಎಂದು ಹೆಸರು. ನಮ್ಮ ಕಡೆ ಹಣೆಗೆ ಇಡುವುದೂ ಟಿಕಲಿಯೇ. ಅದರಿಂದ ಬೆಚ್ಚಗಾಗುವುದು ಏನೂ ಇಲ್ಲ, ಕೇವಲ ಚೆಂದಕ್ಕೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಪದರ ಪದರ ಮಡಚಿ ಹೊಲಿದ ಕುಚ್ಚಿನಂಥ ಹೂವು ಇರುತ್ತದೆ. ಅದು ಫುಲಾ. ಫುಲಾ ಇಲ್ಲದ ಕೌದಿ ಬತ್ತಲೆ ನಿಂತಂತೆ ಎಂದು ಹೊಲಿಯುವವರ ಭಾವನೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಹೀಗಾಗಿ ಕೆಲವು ಕೌದಿಗಳಲ್ಲಿ ಶಿಲುಬೆ ಕಾಣುತ್ತದೆ, ಕೆಲವುಗಳಲ್ಲಿ ಅರ್ಧಚಂದ್ರ. ಫುಲಾ ಮಾತ್ರ ಎಲ್ಲರ ಮೂಲೆಯಲ್ಲೂ ಉಂಟು.

ನಡುವಿಗೆ ಬಂದಾಗ ಅಂಗೈಯಗಲದ ಜಾಗ ಉಳಿದಿರುತ್ತದೆ. ಅದನ್ನು ಮುಚ್ಚುವ ಮೊದಲು ಒಳಗೆ ಒಂದೆರಡು ಅಕ್ಕಿಕಾಳು ಹಾಕುವ ರೂಢಿ ಕೆಲವರಲ್ಲಿದೆ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ.

ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು. ಪೋರ್ಚುಗೀಸರ ಕಾಲದ ಗೋವೆಗೆ ಗುಲಾಮರಾಗಿ ತರಲ್ಪಟ್ಟವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಸುತ್ತ ಅವರ ಮನೆಗಳಿವೆ. ಮಾತಿನಲ್ಲಿ ಕೊಂಕಣಿ, ಕನ್ನಡ, ಮರಾಠಿ ಬೆರೆತಿವೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ, ರಾಜ್ಯದ ಶಾಸನಸಭೆಗೆ ಈ ಸಮುದಾಯದ ಮೊದಲ ಹೆಜ್ಜೆ ಬಿತ್ತು.

ಕೌದಿ ಹೊರಜಗತ್ತಿಗೆ ಕಂಡದ್ದು ಅದಕ್ಕೂ ಮೊದಲೇ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್ ಕಲೆಯ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ 2004ರ ಸುಮಾರಿಗೆ ಸಿದ್ದಿ ಕೇರಿಗಳಿಗೆ ಬಂದರು. ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೊಂದು ರೂಪುಗೊಳ್ಳಲು ಅವರ ನೆರವಿತ್ತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಅದು ಕಪ್ಪು ಜನರ ಚರಿತ್ರೆ, ಸಂಸ್ಕೃತಿಯನ್ನು ಕಾಪಿಡುವ ಹೆಸರಾಂತ ಗ್ರಂಥಾಲಯ. ನಮ್ಮ ಕಾಡಿನಂಚಿನ ಮನೆಯ ಹಾಸಿಗೆ ಅಲ್ಲಿ ಗೋಡೆ ಏರಿತು. ಅಲ್ಲಿ ಅವ್ವ ಇರಲಿಲ್ಲ, ಪ್ರಶ್ನೆ ಕೇಳುವವರಿರಲಿಲ್ಲ.

ಹಾರ್ಲೆಮ್‌ನಲ್ಲಿ ಕೌದಿ ನೋಡಿದವರಿಗೆ ಅಲಬಾಮಾದ ಗೀಸ್ ಬೆಂಡ್ ನೆನಪಾಗದೆ ಇರಲಾರದು. ಗುಲಾಮರ ಸಂತತಿಯ ಹೆಂಗಸರು ಹಳೇ ಕೆಲಸದಂಗಿಗಳಿಂದ ಹೊಲಿದ ಅಲ್ಲಿನ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ತೂಗಿದವು. 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಎರಡೂ ಕಡೆ ಆಫ್ರಿಕಾ ಮೂಲ, ಎರಡೂ ಕಡೆ ಹಳೇ ಬಟ್ಟೆ, ಎರಡೂ ಕಡೆ ಅಳತೆಪಟ್ಟಿಗೆ ಜಗ್ಗದ ಬಣ್ಣಗಳ ಲಯ. ಹೋಲಿಕೆ ಮನಸ್ಸನ್ನು ಎಳೆಯುತ್ತದೆ ನಿಜ. ಆದರೆ ಪ್ರತಿ ತೇಪೆಯಲ್ಲೂ ಆಫ್ರಿಕಾ ಹುಡುಕುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಕೌದಿ ದಖ್ಖನಿನ ಮನೆಮನೆಯ ವಸ್ತು. ಸಿದ್ದಿಗಳು ಅದನ್ನು ನೆರೆಹೊರೆಯವರಿಂದ ಕಲಿತು ತಮ್ಮ ಕಣ್ಣಿಗೆ ತಕ್ಕಂತೆ ಮಾಡಿಕೊಂಡಿರಬಹುದು. ಹಾಗೆ ಮಾಡಿಕೊಂಡದ್ದೇ ಅವರ ಕಲೆ. ಚೂರು ಎಲ್ಲಿಯದಾದರೇನು, ಕೂರಿಸಿದ ಕೈ ಅವರದು.

ಕೌದಿಗಳನ್ನು ಅವುಗಳ ಪೂರ್ತಿ ವೈಭವದಲ್ಲಿ ನೋಡಬೇಕಿದ್ದರೆ ಯಾವ ಸಂಗ್ರಹಾಲಯಕ್ಕೂ ಹೋಗಬೇಕಾಗಿಲ್ಲ. ಮಹಾನವಮಿ ಮುಂದೆ ನಮ್ಮ ಕಡೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹಳ್ಳಕ್ಕೆ ಹೊತ್ತು ಒಗೆಯುತ್ತಾರೆ. ನೀರು ಕುಡಿದ ಕೌದಿ ಒಬ್ಬರಿಂದ ಏಳುವುದಿಲ್ಲ. ಎರಡು ತುದಿಗೆ ಇಬ್ಬರು ನಿಂತು ಹಿಂಡಬೇಕು. ಒಗೆದದ್ದನ್ನು ಬೇಲಿ, ಬಂಡೆ, ಪೊದೆ ಸಿಕ್ಕಲ್ಲಿ ಹರವುತ್ತಾರೆ. ಒಂದು ಮುಂಜಾನೆಯ ಮಟ್ಟಿಗೆ ಹಳ್ಳದ ದಂಡೆಯೇ ಚಿತ್ರಶಾಲೆ. ಒಣಗಿದ ಮೇಲೆ ಮಡಚಿ ಹಲಗೆಯ ಮೇಲೆ ಒಟ್ಟುತ್ತಾರೆ. ಒಟ್ಟಿಲು ಎತ್ತರವಾದಷ್ಟೂ ಮನೆ ತುಂಬಿದಂತೆ. ಮಡಿಕೆಗಳು ಹೊರಮುಖವಾಗಿ ಬಣ್ಣದ ಪಟ್ಟೆಗಳಂತೆ ಕಾಣುವ ಆ ಒಟ್ಟಿಲು ಹಳ್ಳಿಮನೆಯ ಕೋಣೆಯಲ್ಲಿ ಕಣ್ಣು ಮೊದಲು ಹೋಗುವ ಜಾಗ. ಪಟ್ಟಣದ ಮನೆಯಲ್ಲೂ ಇದಕ್ಕೆ ಕಾಸು ಬೇಕಿಲ್ಲ. ಬೀರುವಿನಲ್ಲಿ ಬಚ್ಚಿಟ್ಟ ಹೊದಿಕೆಗಳನ್ನು ಹೊರಗೊಂದು ಬೆಂಚಿನ ಮೇಲೆ ಅಚ್ಚುಕಟ್ಟಾಗಿ ಒಟ್ಟಿ ನೋಡಿ.

ಈ ಸೀಮೆಯಲ್ಲಿ ಮನೆ ಸಿಂಗರಿಸಲು ಕೌದಿಗೆ ಜೊತೆಗಾರರೂ ಇದ್ದಾರೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ವಸಾಹತಿದೆ. ಅವರ ಪ್ರಾರ್ಥನಾ ಪತಾಕೆಗಳ ಐದು ಬಣ್ಣಕ್ಕೆ ಕ್ರಮವುಂಟು: ನೀಲಿ ಆಕಾಶಕ್ಕೆ, ಬಿಳಿ ಗಾಳಿಗೆ, ಕೆಂಪು ಬೆಂಕಿಗೆ, ಹಸಿರು ನೀರಿಗೆ, ಹಳದಿ ಮಣ್ಣಿಗೆ. ಕೆಲವೇ ರೂಪಾಯಿಯ ಸರ ಬಾಲ್ಕನಿಯನ್ನು ಬೆಳಗಿಸುತ್ತದೆ, ಆದರೆ ಅದು ಮಂತ್ರ ಅಚ್ಚಾದ ಬಟ್ಟೆ. ನೆಲಕ್ಕೆ ಬಿಡಬಾರದು, ಕಾಲೊರಸಾಗಿ ಬಳಸಬಾರದು. ಟಿಬೆಟಿ ರತ್ನಗಂಬಳಿ ತುಟ್ಟಿ. ಸರಳಿಗೆ ಉಣ್ಣೆಯ ಎಳೆ ಸುತ್ತಿ ಸಾಲು ಮುಗಿದ ಮೇಲೆ ಕೊಯ್ದು ಗಂಟು ಮಾಡುವ ಕೆಲಸ ಅದು. ದಾಂಡೇಲಿಯ ಕಾಡು ಬಿದಿರಿಗೆ ಹೆಸರಾದದ್ದು. 1955ರಲ್ಲಿ ಅಲ್ಲಿ ಕಾಗದದ ಕಾರ್ಖಾನೆ ಬಂದದ್ದೂ ಆ ಬಿದಿರನ್ನು ನಂಬಿಯೇ. ಮೇದಾರರು ಹೆಣೆದ ಸಾದಾ ಬುಟ್ಟಿಯನ್ನು ಕವುಚಿ ಒಳಗೊಂದು ಎಲ್‌ಇಡಿ ಬಲ್ಬು ಇಳಿಬಿಟ್ಟರೆ ರಾತ್ರಿ ಗೋಡೆ ತುಂಬ ಹೆಣಿಗೆಯ ನೆರಳು. ಜೋಯಿಡಾದ ಹಳೇ ಮನೆಗಳ ಸೆಗಣಿ ಸಾರಿಸಿದ ನೆಲದ ತಂಪು ಮಾತ್ರ ಅಪಾರ್ಟ್‌ಮೆಂಟಿಗೆ ತರಲು ಬರುವಂಥದ್ದಲ್ಲ.

ಕೌದಿಯನ್ನಂತೂ ನೀವೇ ಹೊಲಿಯಬಹುದು. ಹಾಸಿಗೆಯಗಲದ್ದಕ್ಕೆ ಕೈಹಾಕಿ ಸೋಲಬೇಡಿ. ಎರಡಡಿ ಚೌಕದ ಕುರ್ಚಿ ಹಾಸು ಸಾಕು. ತಳಕ್ಕೆ ಮೆತ್ತಗಾದ ಹತ್ತಿ ಸೀರೆ. ಅದೇ ಸೀರೆಯ ಇನ್ನೊಂದು ಪದರ ಒಳಗಿಟ್ಟರೆ ತುಸು ದಪ್ಪ ಬರುತ್ತದೆ. ಚೂರುಗಳನ್ನೆಲ್ಲ ಮೊದಲೇ ಒಗೆದು ಬಿಡಬೇಕು. ಇಲ್ಲವಾದರೆ ಒಂದು ಹೊಸ ಕೆಂಪು ಚೂರು ಮೊದಲ ಒಗೆತದಲ್ಲಿ ಉಳಿದವನ್ನೆಲ್ಲ ಗುಲಾಬಿ ಮಾಡುತ್ತದೆ. ನನ್ನದು ಹಾಗೇ ಆಯಿತು. ಪಾಲಿಯೆಸ್ಟರ್ ಜಾರುತ್ತದೆ, ಜೀನ್ಸ್‌ಗೆ ಸೂಜಿ ಇಳಿಯುವುದಿಲ್ಲ, ಎರಡೂ ಬೇಡ. ಅಂಚು ಅರ್ಧ ಇಂಚು ಮಡಚಿ ಮೂಲೆಯಿಂದ ಹೊರಡಿ. ಸಾಲುಗಳ ನಡುವೆ ಬೆರಳಗಲಕ್ಕಿಂತ ಕಡಿಮೆ ಅಂತರ. ದಾರ ಬಿಗಿದರೆ ಬಟ್ಟೆ ಮುದುಡಿ ನಡುವೆ ಗುಡ್ಡ ಏಳುತ್ತದೆ, ಸಡಿಲಿದರೆ ಮಕ್ಕಳ ಕಾಲ್ಬೆರಳು ಸಿಕ್ಕುತ್ತದೆ. ಹದ ಎರಡನೆಯ ಪ್ರದಕ್ಷಿಣೆಯ ಹೊತ್ತಿಗೆ ಕೈಗೆ ತಿಳಿಯುತ್ತದೆ. ಹೊಲಿಗೆ ಸೊಟ್ಟಗಾದರೆ ಬಿಚ್ಚಬೇಡಿ. ನಾನು ನಾಲ್ಕು ಫುಲಾಗಳಲ್ಲಿ ಮೂರನ್ನು ಮಾಡಿದೆ. ನಾಲ್ಕನೆಯದಕ್ಕೆ ಮಡಿಕೆ ಕೂರಲೇ ಇಲ್ಲ. ಆ ಮೂಲೆ ಕುರ್ಚಿಯ ಹಿಂಬದಿಗೆ ಬರುವಂತೆ ಹಾಸಿದ್ದೇನೆ.

ಕೊಳ್ಳುವವರಿಗೆ ಒಂದು ಮಾತು. ಪ್ರವಾಸಿಗರು ಹೆಚ್ಚಿದ ಮೇಲೆ ತೇಪೆ ವಿನ್ಯಾಸ ಅಚ್ಚಾದ ಯಂತ್ರದ ಹೊದಿಕೆಯೂ ಕೌದಿಯ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿದೆ. ಅವ್ವನಂತೆ ತಿರುಗಿಸಿ ನೋಡಿ. ಕೈಹೊಲಿಗೆಯಾದರೆ ಮುಂದಿನ ಸಾಲುಗಳೆಲ್ಲ ಹಿಂದೆಯೂ ಇರುತ್ತವೆ, ಅಂಚಿನಿಂದ ನಡುವಿಗೆ ಸುತ್ತುತ್ತವೆ, ಅಲ್ಲಲ್ಲಿ ದಾರ ಮುಗಿದು ಹೊಸದು ಶುರುವಾದ ಗಂಟು ಸಿಗುತ್ತದೆ. ಹಳೇ ಬಟ್ಟೆ ತಾನೇ ಎಂದು ಚೌಕಾಸಿಗೆ ಇಳಿಯುವವರನ್ನು ಕಂಡಿದ್ದೇನೆ. ಬಟ್ಟೆ ಪುಕ್ಕಟೆ ಇರಬಹುದು. ಒಂದು ದೊಡ್ಡ ಕೌದಿಯೊಳಗೆ ವಾರಗಟ್ಟಲೆ ಮಧ್ಯಾಹ್ನಗಳಿವೆ. ಸಾಧ್ಯವಾದರೆ ಹೊಲಿದವರ ಕೈಗೇ ದುಡ್ಡು ಮುಟ್ಟುವ ಹಾಗೆ, ಊರಿಗೆ ಹೋಗಿಯೋ ಮಹಿಳಾ ಗುಂಪಿನ ಮೂಲಕವೋ ತನ್ನಿ.

ನೇತುಹಾಕುವವರು ನನ್ನಂತೆ ಮೊಳೆ ಹೊಡೆಯಬೇಡಿ. ಕೌದಿ ಭಾರ, ನಾಲ್ಕು ತಿಂಗಳಲ್ಲಿ ಮೊಳೆಯ ತೂತು ಹಿಗ್ಗಿ ಹರಿಯುತ್ತದೆ. ನನ್ನ ಕೌದಿಯ ಬೆನ್ನಿಗೆ ಮೇಲಂಚಿನುದ್ದಕ್ಕೂ ಒಂದು ಬಟ್ಟೆಯ ತೋಳು ಹೊಲಿದು, ಅದರೊಳಗೆ ಬಿದಿರಿನ ಗಳ ತೂರಿಸಿ, ಎರಡು ಕೊಕ್ಕೆಗೆ ಇಟ್ಟವಳು ಅವ್ವ. ಭಾರ ಸಮನಾಗಿ ಹಂಚಿತು. ಬಿಸಿಲು ನೇರ ಬೀಳದ ಗೋಡೆಗೆ ಜಾಗವನ್ನೂ ಬದಲಿಸಿದಳು. ನೋಡು, ನೀನೂ ಗೋಡೆಗೆ ಒಪ್ಪಿದೆ ಎಂದು ನಾನು ನಕ್ಕೆ. “ಗಳ ಎಳದ್ರ ಲಗೂನ ಇಳಿತೈತಿ, ಅದಕ್ಕ” ಎಂದಳು.

ಡಿಸೆಂಬರ್ ಬಂದರೆ ನಮ್ಮ ಹಜಾರದ ಗೋಡೆಯ ಮೇಲೆ ಎರಡು ಕೊಕ್ಕೆ ಮಾತ್ರ ಇರುತ್ತವೆ.