ಯಂತ್ರದ ಕಣ್ಣಿಗೆ ಮಣ್ಣು

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ಹಿರಿಯರ ಮಾತು. ಮನುಷ್ಯನಿಗೆ ಹೇಳಿದ ಈ ವಿವೇಕವನ್ನು ಇಂದು ಯಂತ್ರಗಳಿಗೂ ಕಲಿಸಬೇಕಾಗಿದೆ.

ವಿದ್ಯುದಾಗಾರ, ನೀರು ಸರಬರಾಜು ಕೇಂದ್ರ, ವಿಮಾನ ಮೊದಲಾದವುಗಳಲ್ಲಿ ಗಣಕವು ಯಂತ್ರಗಳನ್ನು ನಡೆಸುತ್ತದೆ. ಇಂತಹವನ್ನು ಸೈಬರ್-ಭೌತಿಕ ವ್ಯವಸ್ಥೆಗಳೆಂದು ಕರೆಯುತ್ತಾರೆ. ಉಷ್ಣತೆ, ಒತ್ತಡ, ವೇಗಗಳನ್ನು ಅಳೆದು ಗಣಕಕ್ಕೆ ತಿಳಿಸುವ ಸಂವೇದಕಗಳೇ ಇವುಗಳ ಕಣ್ಣು ಕಿವಿಗಳು. ಸಂವೇದಕವು ಸುಳ್ಳು ಹೇಳಿದರೆ ಗಣಕದ ಲೆಕ್ಕಾಚಾರವೆಷ್ಟೇ ನಿರ್ದುಷ್ಟವಾಗಿದ್ದರೂ ನಿರ್ಧಾರವು ತಪ್ಪಾಗುತ್ತದೆ.

2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ಕ್ರಮವಿಧಿಯು ಈ ಅಪಾಯವನ್ನು ಜಗತ್ತಿಗೆ ತೋರಿಸಿತು. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂವರ್ಧನೆಗಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಗಳೇ ಅದರ ಗುರಿ. ಸುಮಾರು 1064 ಹರ್ಟ್ಸ್ ಇರಬೇಕಾಗಿದ್ದ ವಿದ್ಯುತ್ ಆವರ್ತನವನ್ನು ಅದು ಒಮ್ಮೆ 1410ಕ್ಕೆ ಏರಿಸುವಂತೆ, ಇನ್ನೊಮ್ಮೆ 2ಕ್ಕೆ ಇಳಿಸುವಂತೆ ರಚಿತವಾಗಿತ್ತು. ಜೊತೆಗೆ, ಎಲ್ಲವೂ ಸರಿಯಾಗಿದ್ದಾಗ ದಾಖಲಿಸಿಟ್ಟ ಅಳತೆಗಳನ್ನೇ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಮತ್ತೆ ಮತ್ತೆ ತೋರಿಸುತ್ತಿತ್ತು. ಯಂತ್ರಗಳು ಹಾಳಾಗುತ್ತಿದ್ದರೂ ಕಾವಲಿದ್ದವರಿಗೆ ಅದು ತಿಳಿಯುತ್ತಿರಲಿಲ್ಲ.

ಇಂತಹ ವಂಚನೆಯನ್ನು ಪತ್ತೆಹಚ್ಚುವ ಬಗೆ ಹೇಗೆ? ಮೊದಲನೆಯದು, ಹಲವು ಸಾಕ್ಷಿಗಳನ್ನು ಕೇಳುವುದು. ಒಂದೇ ಅಳತೆಗೆ ಐದು ಸಂವೇದಕಗಳಿದ್ದು, ಅವುಗಳಲ್ಲಿ ಎರಡು ಸುಳ್ಳಾಡಿದರೂ ಉಳಿದ ಮೂರರ ಒಮ್ಮತದಿಂದ ನಿಜವನ್ನು ಅರಿಯಬಹುದು. ಆದರೆ ಅರ್ಧಕ್ಕಿಂತ ಹೆಚ್ಚು ಸಾಕ್ಷಿಗಳು ಕೆಟ್ಟರೆ ಈ ಉಪಾಯವು ಫಲಿಸದು.

ಎರಡನೆಯದು, ಪ್ರಕೃತಿನಿಯಮವನ್ನೇ ಒರೆಗಲ್ಲಾಗಿಸುವುದು. ತಳದ ವಿಸ್ತೀರ್ಣ 2 ಚದರ ಮೀಟರು ಇರುವ ತೊಟ್ಟಿಗೆ ನಿಮಿಷಕ್ಕೆ 100 ಲೀಟರು ನೀರು ಬೀಳುತ್ತಿದ್ದರೆ ಮಟ್ಟವು ನಿಮಿಷಕ್ಕೆ 5 ಸೆಂಟಿಮೀಟರು ಏರಲೇಬೇಕು. ಸಂವೇದಕವು ಒಂದೇ ಸೆಂಟಿಮೀಟರು ಎಂದು ಹೇಳುತ್ತಲೇ ಇದ್ದರೆ, ಒಂದೋ ತೊಟ್ಟಿ ಸೋರುತ್ತಿದೆ, ಇಲ್ಲವೇ ಅಳತೆ ಸುಳ್ಳು. ಅಲ್ಪಸ್ವಲ್ಪ ವ್ಯತ್ಯಾಸವು ಸಹಜವಾದುದರಿಂದ, ಅದು ಕೂಡುತ್ತ ಹೋದಾಗ ಮಾತ್ರ ಎಚ್ಚರಿಕೆಯ ಗಂಟೆ ಬಾರಿಸಬೇಕು.

ಹಳೆಯ ದಾಖಲೆಯನ್ನೇ ಒಪ್ಪಿಸುವ ಕಳ್ಳನು ಈ ಎರಡು ಪರೀಕ್ಷೆಗಳನ್ನೂ ದಾಟಬಲ್ಲನು. ಏಕೆಂದರೆ ಆ ಅಳತೆಗಳು ಒಂದು ಕಾಲಕ್ಕೆ ನಿಜವಾಗಿದ್ದವು. ಅವನನ್ನು ಹಿಡಿಯುವ ಉಪಾಯವೊಂದನ್ನು 2009ರಲ್ಲಿ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಯಿಲಿನ್ ಮೊ ಮತ್ತು ಬ್ರೂನೊ ಸಿನೊಪೊಲಿ ಸೂಚಿಸಿದರು. ಗಣಕವು ತನ್ನ ಆಜ್ಞೆಗಳಲ್ಲಿ ಆಗಾಗ ಯಾರೂ ಊಹಿಸಲಾರದ ಸಣ್ಣ ಏರಿಳಿತಗಳನ್ನು ಬೆರೆಸುತ್ತದೆ. ನಿಜವಾದ ಅಳತೆಯಲ್ಲಿ ಅವುಗಳ ಪ್ರತಿಧ್ವನಿ ಕಾಣುತ್ತದೆ. ಹಳೆಯ ದಾಖಲೆಯಲ್ಲಿ ಕಾಣುವುದಿಲ್ಲ. ಕಂಠಪಾಠ ಮಾಡಿಬಂದ ವಿದ್ಯಾರ್ಥಿಯನ್ನು ಅನಿರೀಕ್ಷಿತ ಪ್ರಶ್ನೆಯಿಂದ ಪರೀಕ್ಷಿಸುವಂತಹ ಕ್ರಮವಿದು. ಯಂತ್ರದ ದಕ್ಷತೆ ತುಸು ಕುಗ್ಗುವುದೇ ಇದಕ್ಕೆ ತೆರಬೇಕಾದ ಬೆಲೆ.

ಪತ್ತೆಹಚ್ಚಿದರಷ್ಟೇ ಸಾಲದು, ತಾಳಿಕೊಳ್ಳಲೂ ಬೇಕು. ಸಂಶಯಾಸ್ಪದವಾದ ಸಂವೇದಕವನ್ನು ಬದಿಗಿರಿಸಿ, ಲೆಕ್ಕದಿಂದ ಪಡೆದ ಅಂದಾಜಿನ ಆಧಾರದ ಮೇಲೆ ಸ್ವಲ್ಪ ಕಾಲ ನಡೆಸಬಹುದು. ಅಷ್ಟರಲ್ಲಿ ಯಂತ್ರವನ್ನು ನಿಧಾನಗೊಳಿಸಿ ಸುರಕ್ಷಿತ ಸ್ಥಿತಿಗೆ ತರಬೇಕು. ಗಣಕದ ಅಪ್ಪಣೆಗೆ ಕಾಯದೆ, ಒತ್ತಡ ಮಿತಿಮೀರಿದೊಡನೆ ತಾನಾಗಿ ತೆರೆದುಕೊಳ್ಳುವ ಕವಾಟದಂತಹ ಸರಳ ಸಾಧನಗಳು ಕೊನೆಯ ಕಾವಲಾಗಿರಬೇಕು.

ಪರದೆಯ ಮೇಲಿನ ಅಂಕಿಗಳಿಗೆ ಕಣ್ಣನ್ನೂ, ಯಂತ್ರದ ಸದ್ದಿಗೆ ಕಿವಿಯನ್ನೂ ಕೊಡಬಲ್ಲ ಮನುಷ್ಯನ ಎಚ್ಚರವು ಇವೆಲ್ಲಕ್ಕೂ ಬೆಂಬಲವಾಗಿ ನಿಲ್ಲಬೇಕು. ಪರೀಕ್ಷೆಗೆ ಒಳಗಾಗಿ ಉಳಿದ ನಂಬಿಕೆಯೇ ಗಟ್ಟಿಯಾದ ನಂಬಿಕೆ.