ಬೂಟು ತೊಟ್ಟ ಬೆಕ್ಕು: ಒಂದು ಮಕ್ಕಳ ಚಿತ್ರದ ಗುಣದೋಷ ವಿಚಾರ

ಹಿಂದೆ ದೊಡ್ಡಪೇಟೆಯೆನಿಸಿಕೊಂಡಿದ್ದ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಶಾಲೆಯ ಪುಸ್ತಕಗಳಿಗಾಗಿ ಅಲೆಯದ ತಂದೆತಾಯಿಗಳು ಕಡಿಮೆ. ಅಲ್ಲಿಯ ಅಂಗಡಿಗಳಲ್ಲಿ ದೊರೆಯುವ ಇಂಗ್ಲಿಷ್ ಶಿಶುಗೀತೆಗಳ ಪುಸ್ತಕವನ್ನು ತೆರೆದರೆ, ಗೋಡೆಯಿಂದ ಬಿದ್ದು ಒಡೆದುಹೋಗುವ ಮೊಟ್ಟೆಯಾಕಾರದ ಹಂಪ್ಟಿ ಡಂಪ್ಟಿ ಎದುರಾಗುತ್ತಾನೆ. ಮೊಮ್ಮಕ್ಕಳಿಗೆ ಅವನು ಚಿರಪರಿಚಿತ. ಅಜ್ಜಿಯರಿಗೆ ಅವನು ಯಾರೋ. ಈ ಮೊಟ್ಟೆಯೂ ಒಂದು ಬೆಕ್ಕೂ ಅಣ್ಣತಮ್ಮಂದಿರಂತೆ ಬೆಳೆದು, ಮುಂದೆ ಒಬ್ಬರು ಇನ್ನೊಬ್ಬರಿಗೆ ಎರವಾದ ಕಥೆಯೇ ‘ಪುಸ್ ಇನ್ ಬೂಟ್ಸ್’. ಹಾಲಿವುಡ್ಡಿನ ಡ್ರೀಮ್‌ವರ್ಕ್ಸ್ ಸಂಸ್ಥೆಯು 2011ರಲ್ಲಿ ತೆರೆಗೆ ತಂದ, ಕ್ರಿಸ್ ಮಿಲ್ಲರ್ ನಿರ್ದೇಶಿಸಿದ ಈ ಹಾಸ್ಯಪ್ರಧಾನ ಅನಿಮೇಷನ್ ಚಿತ್ರ ಸುಮಾರು ಒಂದೂವರೆ ಗಂಟೆಯದು. ರಜೆಯ ದಿನಗಳಲ್ಲಿ ನಮ್ಮ ಮನೆಗಳ ಮಕ್ಕಳು ಇಂದಿಗೂ ಇದನ್ನು ನೋಡುತ್ತಿರುವುದರಿಂದ, ಹಿರಿಯರು ಇದರ ಹುರುಳನ್ನು ಅರಿತಿರುವುದು ಒಳ್ಳೆಯದು.

ಇದನ್ನು ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಚಿತ್ರದ ಗಣನೀಯ ಭಾಗ ರೂಪುಗೊಂಡದ್ದು ಬೆಂಗಳೂರಿನಲ್ಲಿ. ಟೆಕ್ನಿಕಲರ್ ಸಂಸ್ಥೆಯ ಇಲ್ಲಿಯ ಸ್ಟುಡಿಯೋದಲ್ಲಿ ಡ್ರೀಮ್‌ವರ್ಕ್ಸ್ ಕೆಲಸಕ್ಕೆಂದೇ ಮೀಸಲಾದ ತಂಡವೊಂದಿತ್ತು. ಬೆಕ್ಕಿನ ಮೈಯ ಒಂದೊಂದು ರೋಮಕ್ಕೂ ಬೆಳಕು ನೆರಳು ಕೂಡಿಸಬೇಕಾದ ಕಸುಬು ಅದು. ಕ್ಷಣವೊಂದಕ್ಕೆ 24 ಚಿತ್ರಗಳು ಓಡಬೇಕು. ಚಿತ್ರವನ್ನು ನೋಡುವ ಕುಟುಂಬಗಳಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತಿದೆಯೋ ಕಾಣೆವು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಕುಸಿದಾಗ ಅದರ ಬೆಂಗಳೂರಿನ ಸ್ಟುಡಿಯೋಗಳೂ ಬಾಗಿಲು ಮುಚ್ಚಿದವು. ದುಡಿದವರ ಕೈಗಳಿಗೆ ಕೆಲಸ ತಪ್ಪಿತು, ದುಡಿಮೆಯ ಫಲ ಮಾತ್ರ ಉಳಿದಿದೆ.

ಕಥೆಯ ಹೆಸರು ಹಳೆಯದು. 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಪ್ರಕಟಿಸಿದ ಕಥೆಗಳಲ್ಲಿ ಬೂಟು ತೊಟ್ಟ ಬೆಕ್ಕೊಂದು ಸುಳ್ಳಿನ ಮೇಲೆ ಸುಳ್ಳು ಹೇಳಿ ತನ್ನ ಬಡ ಯಜಮಾನನನ್ನು ರಾಜನ ಅಳಿಯನನ್ನಾಗಿ ಮಾಡುತ್ತದೆ. ನಮ್ಮ ನಾಡಿನ ಕಥೆಗಳಲ್ಲಿಯೂ ಬೆಕ್ಕಿಗೆ ಒಳ್ಳೆಯ ಹೆಸರಿಲ್ಲ. ಪಂಚತಂತ್ರದ ದಧಿಕರ್ಣನೆಂಬ ಬೆಕ್ಕು ನ್ಯಾಯ ಹೇಳುವ ನೆಪದಲ್ಲಿ ವಾದಿ ಪ್ರತಿವಾದಿಗಳಿಬ್ಬರನ್ನೂ ನುಂಗಿತು. ಮಹಾಬಲಿಪುರದ ಬಂಡೆಯ ಮೇಲೆ ಮುಂಗಾಲೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನು ಶಿಲ್ಪಿ ನಗುತ್ತಲೇ ಕಡೆದಿರಬೇಕು. ಈ ಚಿತ್ರದವರು ಪೆರೋನಿಂದ ಬೂಟುಗಳನ್ನಷ್ಟೇ ಪಡೆದು, ಬೆಕ್ಕಿಗೆ ಹೊಸದೊಂದನ್ನು ಕೊಟ್ಟರು. ಅದು ಋಣಪ್ರಜ್ಞೆ.

ಸ್ಯಾನ್ ರಿಕಾರ್ಡೋ ಎಂಬ ಊರಿನ ಅನಾಥಾಲಯಕ್ಕೆ ಬುಟ್ಟಿಯಲ್ಲಿ ಬಂದ ಮರಿಯನ್ನು ಇಮೆಲ್ಡಾ ಎಂಬ ತಾಯಿ ಸಾಕುತ್ತಾಳೆ. ಅಲ್ಲಿಯೇ ಬೆಳೆಯುತ್ತಿದ್ದ ಹಂಪ್ಟಿ ಅವನಿಗೆ ಜೀವದ ಗೆಳೆಯನಾಗುತ್ತಾನೆ. ಗೂಳಿಯ ಬಾಯಿಂದ ಒಬ್ಬ ಮುದುಕಿಯನ್ನು ಉಳಿಸಿದುದಕ್ಕೆ ಬೆಕ್ಕಿಗೆ ಟೊಪ್ಪಿಗೆ ಬೂಟುಗಳ ಸನ್ಮಾನ ದೊರೆತಾಗ ಹಂಪ್ಟಿಯ ಹೊಟ್ಟೆಯಲ್ಲಿ ಕಿಚ್ಚು ಹುಟ್ಟುತ್ತದೆ. ಅವನು ಗೆಳೆಯನನ್ನು ವಂಚಿಸಿ ಊರಿನ ಬ್ಯಾಂಕಿನ ದರೋಡೆಗೆ ಸಿಕ್ಕಿಸುತ್ತಾನೆ. ಬೆಕ್ಕು ಸೇತುವೆಯಿಂದ ಹಾರಿ ತಪ್ಪಿಸಿಕೊಳ್ಳುತ್ತದೆ; ಮೊಟ್ಟೆ ಸೆರೆಮನೆ ಸೇರುತ್ತದೆ. ಮುಂದಿನದೆಲ್ಲ ಮಂತ್ರದ ಬೀಜ, ಮುಗಿಲು ಮುಟ್ಟಿದ ಬಳ್ಳಿ, ಚಿನ್ನದ ಮೊಟ್ಟೆಯಿಡುವ ಬಾತಿನ ಮರಿ, ಹಂಪ್ಟಿಯ ಸೇಡು.

ಇಡೀ ಚಿತ್ರದಲ್ಲಿ ನಮ್ಮ ಮನಸ್ಸಿನಲ್ಲಿ ನಿಂತ ಸನ್ನಿವೇಶ ಒಂದು. ಬಹುಕಾಲದ ಮೇಲೆ ಊರಿಗೆ ಬಂದ ಬೆಕ್ಕನ್ನು ಸೈನಿಕರು ಸುತ್ತುವರಿಯುತ್ತಾರೆ. ಕತ್ತಿ ಅವನ ಕೈಯಲ್ಲಿದೆ, ಓಡಿಹೋಗಲು ಬಲ್ಲವನು. ಆಗ ಇಮೆಲ್ಡಾ ಎದುರಿಗೆ ನಿಂತು, ಇನ್ನು ಓಡಬೇಡವೆಂದು ಬೇಡಿಕೊಳ್ಳುತ್ತಾಳೆ. ಅವನು ಕತ್ತಿಯಿಳಿಸಿ ಶರಣಾಗುತ್ತಾನೆ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಬೆಳೆದ ನಮಗೆ ಈ ದೃಶ್ಯದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಹೆತ್ತವರು ಕೊಟ್ಟ ಪೆಟ್ಟು ಮರೆತೀತು. ಹೆರದೆಯೂ ಅನ್ನವಿಕ್ಕಿದವರ ಒಂದು ನೋಟ ಮರೆಯುವುದಿಲ್ಲ. ನಗೆಯ ಚಿತ್ರವೊಂದು ಇಷ್ಟನ್ನು ಹೇಳಿತೆಂಬುದೇ ಅದರ ಹಿರಿಮೆ.

ಆದರೆ ಈ ಹಿರಿಮೆಯ ಮೇಲೆ ಚಿತ್ರದವರಿಗೇ ವಿಶ್ವಾಸ ಸಾಲದು. ಆ ದೃಶ್ಯಕ್ಕೆ ಮೀಸಲಾದುದು ಅಲ್ಪ ಕಾಲ. ಬಂಡಿಗಳ ಓಟ, ಛಾವಣಿಗಳ ಮೇಲಿನ ಜಿಗಿತ, ಕತ್ತಿವರಸೆಗಳಿಗೆ ಅದರ ಹಲವು ಪಾಲು. ಕಣ್ಣು ದಣಿಯುತ್ತದೆ, ಮನಸ್ಸು ಹಿಂದೆಯೇ ಉಳಿಯುತ್ತದೆ. ಬೆಕ್ಕು ಬೆಡಗಿಯರನ್ನು ಒಲಿಸಿಕೊಳ್ಳುವುದರಲ್ಲಿ ನಿಸ್ಸೀಮನೆಂಬ ಚೇಷ್ಟೆಗಳೂ, ಅಮಲಿನ ಸೊಪ್ಪನ್ನು ಕುರಿತ ಕುಚೋದ್ಯವೂ ದೊಡ್ಡವರನ್ನು ನಗಿಸಲು ಸೇರಿಸಿದವು. ಮಕ್ಕಳಿಗೆ ಅವು ಅರ್ಥವಾಗುವುದಿಲ್ಲವೆಂಬ ಸಮಾಧಾನ ನಮಗೆ ಒಪ್ಪಿಗೆಯಾಗಲಿಲ್ಲ. ಅರ್ಥವಾಗದ ಕಡೆಯಲ್ಲಿಯೂ ಮಕ್ಕಳು ದೊಡ್ಡವರ ಮುಖ ನೋಡಿ ನಗುತ್ತಾರೆ. ಇದಕ್ಕೆ ಪ್ರತಿಯಾಗಿ, ಮದ್ಯದಂಗಡಿಯಲ್ಲಿ ಈ ಶೂರ ಹಾಲು ಕೇಳಿ ನೆಕ್ಕಿ ಕುಡಿಯುವ ನಗೆ ಶುದ್ಧವಾದುದು. ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡು ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕು ಅಲ್ಲಿ ನೆನಪಾಗದಿರದು.

ಕಳ್ಳತನದ ವಿಷಯದಲ್ಲಿ ಚಿತ್ರದ ನಿಲುವು ಇಬ್ಬಂದಿಯದು. ಬ್ಯಾಂಕಿನ ಹಣವನ್ನು ತೀರಿಸಬೇಕೆಂದು ಹಂಬಲಿಸುವ ಬೆಕ್ಕೇ, ಅದಕ್ಕಾಗಿ ಮುಗಿಲಿನ ಅರಮನೆಯಿಂದ ಬಾತಿನ ಮರಿಯನ್ನು ಕದ್ದು ತರುತ್ತದೆ. ಆಗ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಅದಕ್ಕೊಬ್ಬ ತಾಯಿಯಿದ್ದಾಳೆ, ಅವಳು ಮರಿಯನ್ನು ಹುಡುಕುತ್ತ ಊರನ್ನೇ ತುಳಿಯುತ್ತ ಬರುವಳೆಂಬುದು ಆಮೇಲೆ ತಿಳಿಯುತ್ತದೆ. ಗೋವಿನ ಹಾಡನ್ನು ಕೇಳಿ ಬೆಳೆದ ನಾಡಿನವರಿಗೆ ಮರಿಯ ಬಳಿಗೆ ಮರಳಲೇಬೇಕೆನ್ನುವ ತಾಯಿಯ ಹಟ ಹೊಸದಲ್ಲ. ಸಾಕುತಾಯಿಗೆ ಬಾಗಿದವನು ಇನ್ನೊಬ್ಬ ತಾಯಿಯ ಮಡಿಲನ್ನು ಬರಿದು ಮಾಡಿದನೆಂಬ ಎಳೆಯನ್ನು ಚೆನ್ನಾಗಿ ಹೆಣೆದಿದ್ದರೆ ಈ ಚಿತ್ರ ಇನ್ನಷ್ಟು ಎತ್ತರಕ್ಕೇರುತ್ತಿತ್ತು. ಚಿತ್ರದವರು ಅವಳನ್ನು ಬಹುಮಟ್ಟಿಗೆ ಭೂತಾಕಾರದ ಬಾತನ್ನಾಗಿಯೇ ತೋರಿಸಿ ಮುಂದೆ ಸಾಗಿದರು.

ಕೊನೆಗೆ ಮುರಿದ ಸೇತುವೆಯಲ್ಲಿ ಮರಿಯೂ ಹಂಪ್ಟಿಯೂ ನೇತಾಡುತ್ತಾರೆ. ಇಬ್ಬರನ್ನೂ ಹಿಡಿದಿಡುವ ಬಲ ಬೆಕ್ಕಿಗಿಲ್ಲವೆಂದರಿತ ಹಂಪ್ಟಿ ತಾನಾಗಿಯೇ ಕೈಬಿಡುತ್ತಾನೆ. ಶಿಶುಗೀತೆಯಲ್ಲಿ ಬಿದ್ದು ಒಡೆಯುವುದು ಅವನ ದುರ್ದೈವ, ಇಲ್ಲಿ ಅದು ಅವನ ಆಯ್ಕೆ. ಒಡೆದ ಚಿಪ್ಪಿನೊಳಗೆ ಬಂಗಾರದ ಮೊಟ್ಟೆ ಕಾಣುತ್ತದೆ. ಬೆಕ್ಕಿನ ಮೇಲಿನ ಅಪರಾಧವೂ ಪೂರ್ತಿ ಅಳಿಯುವುದಿಲ್ಲ. ಊರು ಕೊಂಡಾಡಿದರೂ ಸೈನಿಕರು ಬೆನ್ನಟ್ಟುತ್ತಾರೆ. ಈ ಸಂಯಮವನ್ನು ಮೆಚ್ಚಬೇಕು.

ನಮಗೆ ಕೊರತೆಯೆನಿಸಿದ್ದು ಇನ್ನೊಂದು. ಇದೇ ಊರಿನ ಕೈಗಳು ದುಡಿದ ಚಿತ್ರವನ್ನು ಮೊಮ್ಮಗನ ಪಕ್ಕದಲ್ಲಿ ಕುಳಿತ ಅಜ್ಜಿ ಇಂಗ್ಲಿಷಿನಲ್ಲಿ ನೋಡಬೇಕಾಗಿದೆ. ಇಮೆಲ್ಡಾ ಬೇಡಿಕೊಳ್ಳುವಾಗ ಅವಳಿಗೆ ಮಾತು ಬೇಕಾಗುವುದಿಲ್ಲ. ಹಂಪ್ಟಿ ಯಾರೆಂಬುದನ್ನು ಮಾತ್ರ ಮೊಮ್ಮಗನೇ ಹೇಳಬೇಕು.

2022ರಲ್ಲಿ ಈ ಬೆಕ್ಕಿನ ಎರಡನೆಯ ಚಿತ್ರವೂ ಬಂತು. ಒಂಬತ್ತು ಜನ್ಮಗಳಲ್ಲಿ ಎಂಟನ್ನು ಕಳೆದುಕೊಂಡ ಬೆಕ್ಕನ್ನು ಮೃತ್ಯುವೇ ತೋಳನ ರೂಪದಲ್ಲಿ ಅಟ್ಟಿಕೊಂಡು ಬರುವ ಅದು ಕಲೆಯಲ್ಲಿ ಮೊದಲನೆಯದಕ್ಕಿಂತ ಮಿಗಿಲು. ಆದರೆ ಆ ತೋಳನ ಸಿಳ್ಳೆಗೆ ಆರೇಳು ವರ್ಷದೊಳಗಿನ ಮಕ್ಕಳು ಬೆಚ್ಚಿಬೀಳಬಹುದು. ಅವರಿಗೆ ಸದ್ಯಕ್ಕೆ 2011ರ ಚಿತ್ರವೇ ಸಾಕು.